ಅಂಬಲಪಾಡಿಯಿಂದ ಡೊಂಬಿವಲಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಅಕ್ಕನ ಹೊಸ ಮನೆ ಒಕ್ಕಲು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಸಂಕ್ರಾಂತಿ ಕಳೆದು ಒಂದು ವಾರಕ್ಕೆ. ಅಪ್ಪನಿಗೆ ಈಗ ಎಪ್ಪತ್ತಾರು. ಎರಡೂ ಮೊಣಕಾಲು ನೋವು. 1967ರಲ್ಲಿ ಹದಿನೇಳರ ಹುಡುಗ ಇದ್ದಾಗ ಉಡುಪಿಯಿಂದ ಬಸ್ಸು ಹತ್ತಿ ಬೊಂಬಾಯಿಗೆ ಹೋದವರು, ಅಲ್ಲಿನ ಫೋರ್ಟ್ ಪ್ರದೇಶದ ಒಂದು ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ದುಡಿದು, ಕೊಂಕಣ ರೈಲು ಪೂರ್ತಿ ಶುರುವಾದ 1998ರಲ್ಲಿ ಊರಿಗೆ ವಾಪಸ್ ಬಂದವರು. ಅಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದ್ದಾರೆ, ಆದರೆ ವಿಮಾನ ಹತ್ತಿರಲಿಲ್ಲ. ಈ ಸಲ ಹೋಗುವಾಗ ವಿಮಾನ, ಬರುವಾಗ ರೈಲು ಅಂತ ನಾನೇ ನಿಶ್ಚಯ ಮಾಡಿದೆ.

ಹೊರಡುವ ಹಿಂದಿನ ರಾತ್ರಿ ಅಪ್ಪ ಕೇಳಿದರು, "ಮಂಗಳೂರಿಂದ ಮುಂಬೈಗೆ ಆಕಾಶದಲ್ಲಿ ಎಷ್ಟು ದೂರ?"

ನೇರ ಗೆರೆ ಎಳೆದು ಅಳೆದರೆ ಸುಮಾರು 710 ಕಿ.ಮೀ. ಅಂತ ಹೇಳಿದೆ.

"ವಿಮಾನ ಗಂಟೆಗೆ ಎಷ್ಟು ಹೋಗ್ತದೆ?"

"ಎಂಟುನೂರರ ಮೇಲೆ ಅಪ್ಪ."

"ಹಾಗಾದ್ರೆ ಒಂದು ಗಂಟೆಯೂ ಬೇಡ ಅಲ್ವಾ? ಟಿಕೆಟಿನಲ್ಲಿ ಒಂದೂವರೆ ಗಂಟೆ ಅಂತ ಯಾಕೆ ಹಾಕಿದ್ದಾರೆ?"

ಒಳ್ಳೆಯ ಪ್ರಶ್ನೆ. ನಾನು ಎಷ್ಟೋ ಸಲ ವಿಮಾನದಲ್ಲಿ ಹೋಗಿದ್ದೇನೆ, ಈ ಲೆಕ್ಕ ಹಾಕಿಯೇ ಇರಲಿಲ್ಲ. ಅಪ್ಪನ ಕೈಯಲ್ಲಿ ಒಂದು ಹಳೆಯ ಎಚ್‌ಎಂಟಿ ವಾಚು ಇದೆ, ದಿನಾ ಬೆಳಗ್ಗೆ ಕೀ ಕೊಡಬೇಕು, 1974ರಲ್ಲಿ ಬೊಂಬಾಯಿಯಲ್ಲೇ ತಗೊಂಡದ್ದು. ನಾಳೆ ಮನೆ ಬಾಗಿಲಿಂದ ಅಕ್ಕನ ಮನೆ ಬಾಗಿಲಿನ ತನಕ ನೀವು ಗಂಟೆ ಹೇಳಿ, ನಾನು ಬರೀತೇನೆ ಅಂದೆ. ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಬರೆದ ಆ ಲೆಕ್ಕ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ

ಉಡುಪಿ ಅಂಬಲಪಾಡಿಯ ಮನೆಯಿಂದ ಕಾರು ಹೊರಟದ್ದು 7:15ಕ್ಕೆ. ವಿಮಾನ ಇದ್ದದ್ದು 10:40ಕ್ಕೆ. ಇಷ್ಟು ಬೇಗ ಯಾಕೆ ಅಂತ ಅಮ್ಮ ಕೇಳಿದರು. ಒಳನಾಡಿನ ವಿಮಾನಕ್ಕೆ ಲಗೇಜು ಕೊಡುವ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ. 9:40 ದಾಟಿದರೆ ನಾವು ಅಲ್ಲೇ ನಿಂತು ವಿಮಾನ ನೋಡಬೇಕಷ್ಟೆ. ಉಡುಪಿಯವರಿಗೆ ಊರಲ್ಲೇ ವಿಮಾನ ನಿಲ್ದಾಣ ಇಲ್ಲ, ಮಂಗಳೂರಿನ ನಿಲ್ದಾಣ ಇರುವ ಬಜ್ಪೆಗೆ ಹತ್ತಿರ ಹತ್ತಿರ ಅರವತ್ತು ಕಿ.ಮೀ. ಆಗುತ್ತದೆ. ಕಟಪಾಡಿ, ಕಾಪು, ಪಡುಬಿದ್ರಿ, ಹೆಜಮಾಡಿಯ ಟೋಲ್, ಮುಲ್ಕಿ. ಅಲ್ಲಿಂದ ಎರಡು ದಾರಿ. ಹೈವೇಯಲ್ಲೇ ಸುರತ್ಕಲ್, ಕೂಳೂರು ತನಕ ಹೋಗಿ ಕಾವೂರು ಮೇಲೆ ಬರಬಹುದು, ಇಲ್ಲ ಮುಲ್ಕಿಯಲ್ಲೇ ತಿರುಗಿ ಕಿನ್ನಿಗೋಳಿ, ಕಟೀಲು ಮೇಲೆ ಹೋಗಬಹುದು. ನನಗೆ ಎರಡನೆಯದೇ ಇಷ್ಟ. ಬೆಳಗ್ಗೆ ಪಣಂಬೂರಿನ ಲಾರಿ ಸಾಲಿನಲ್ಲಿ ಸಿಕ್ಕಿಹಾಕಿಕೊಂಡರೆ ಯಾವಾಗ ಬಿಡುಗಡೆ ಅಂತ ಹೇಳಲಿಕ್ಕಾಗುವುದಿಲ್ಲ. ಕಟೀಲಿನ ದಾರಿ ಸಣ್ಣದು, ತಿರುವು ಜಾಸ್ತಿ, ಆದರೂ ಹೊತ್ತು ಅಂದಾಜು ಸಿಗುತ್ತದೆ. ನಂದಿನಿ ನದಿಯ ನಡುವೆ ಇರುವ ದೇವಸ್ಥಾನ ಕಂಡಾಗ ಅಪ್ಪ ಕಾರಿನಲ್ಲೇ ಕೈ ಮುಗಿದರು.

8:35ಕ್ಕೆ ಕೆಂಜಾರಿನ ಟರ್ಮಿನಲ್ ಮುಟ್ಟಿದೆವು. ಕಾರಿಂದ ಇಳಿದು ಅಪ್ಪ ಒಮ್ಮೆ ಸುತ್ತ ನೋಡಿದರು. ಗುಡ್ಡದ ತಲೆ ಕಡಿದು ಸಮ ಮಾಡಿದ ಜಾಗ ಇದು, ರನ್‌ವೇಯ ತುದಿ ದಾಟಿದರೆ ಇಳಿಜಾರು, ಅದಕ್ಕೇ ಟೇಬಲ್‌ಟಾಪ್ ಅನ್ನುವುದು. 1951ರ ಡಿಸೆಂಬರ್ 25ಕ್ಕೆ ನೆಹರೂ ಬಂದಿಳಿದು ಶುರುವಾದ ನಿಲ್ದಾಣ. ಆಗಿನ ರನ್‌ವೇ 1,615 ಮೀಟರ್. ದೊಡ್ಡ ವಿಮಾನಕ್ಕೆ ಅದು ಸಾಲುವುದಿಲ್ಲ ಅಂತ 2,450 ಮೀಟರಿನ ಇನ್ನೊಂದು ಮಾಡಿದರು, ಅದು ತೆರೆದದ್ದು 2006ರಲ್ಲಿ. ಅಪ್ಪ ಸುಮ್ಮನೆ ನಿಂತದ್ದು ಯಾಕೆ ಅಂತ ನನಗೆ ಗೊತ್ತಿತ್ತು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಇದೇ ಗುಡ್ಡದಿಂದ ಕೆಳಗೆ ಹೋಗಿ 158 ಮಂದಿ ತೀರಿಹೋದರು. ಕರಾವಳಿಯ ಯಾವ ಊರಿನಲ್ಲಿ ಕೇಳಿದರೂ ಆ ದಿನ ತಾವು ಎಲ್ಲಿದ್ದೆವು ಅಂತ ಹೇಳುತ್ತಾರೆ. ಅಪ್ಪ ಏನೂ ಹೇಳಲಿಲ್ಲ. ನನ್ನ ತೋಳು ಹಿಡಿದುಕೊಂಡು, "ನಡಿ ಮಗಾ" ಅಂದರು.

ಲಗೇಜು ಕೌಂಟರಿನಲ್ಲಿ ತೂಕ ನೋಡಿದರು. ಒಬ್ಬರಿಗೆ ಹದಿನೈದು ಕಿಲೋ, ಇಬ್ಬರಿಗೆ ಮೂವತ್ತು. ಅಮ್ಮ ಕಟ್ಟಿಕೊಟ್ಟದ್ದು ಹತ್ತು ಕಿಲೋ ಕುಚ್ಚಲಕ್ಕಿ, ಹಲಸಿನ ಹಪ್ಪಳ, ಒಂದು ಭರಣಿ ಮಿಡಿ ಉಪ್ಪಿನಕಾಯಿ, ಮತ್ತೆ ನಾಲ್ಕು ಕಿಲೋ ಮಟ್ಟು ಗುಳ್ಳ. ಗುಳ್ಳ ಅಂದರೆ ಗೊತ್ತಲ್ವಾ, ಕಟಪಾಡಿ ಹತ್ತಿರದ ಮಟ್ಟುವಿನಲ್ಲಿ ಬೆಳೆಯುವ ಉರುಟು ಬದನೆ, ತಿಳಿಹಸಿರು ಮೈಯಲ್ಲಿ ಬಿಳಿ ಗೀರು, ತೊಟ್ಟಿನ ಮೇಲೆ ಮುಳ್ಳು. ಅದಕ್ಕೆ ಆ ಊರಿನದ್ದೇ ಬೆಳೆ ಅನ್ನುವ ಜಿಐ ಗುರುತು ಕೂಡ ಇದೆ. ಒಂದೊಂದನ್ನೂ ಅಮ್ಮ ಉದಯವಾಣಿ ಹಾಳೆಯಲ್ಲಿ ಸುತ್ತಿದ್ದರು, ಮುಳ್ಳು ಇನ್ನೊಂದಕ್ಕೆ ತಾಗಿದರೆ ಕಪ್ಪಾಗುತ್ತದೆ ಅಂತ. ತೂಕ ಸರಿಯಾಗಿ ಬಂತು. ಆದರೆ ಉಪ್ಪಿನಕಾಯಿ ಭರಣಿ ಅಪ್ಪನ ಕೈಚೀಲದಲ್ಲಿತ್ತು. ಸೆಕ್ಯೂರಿಟಿಯಲ್ಲಿ ಅದನ್ನು ತಡೆಯಬಹುದು ಅಂತ ಹೆದರಿಕೆ. ಅಲ್ಲೇ ಸೂಟ್‌ಕೇಸ್ ತೆರೆದು ಬಟ್ಟೆಯ ನಡುವೆ ತುರುಕಿದೆವು. ಕೌಂಟರಿನ ಹುಡುಗಿ ತುಳುವಿನಲ್ಲೇ, "ಈರೆನ ಊರು ಓಲು?" (ನಿಮ್ಮ ಊರು ಎಲ್ಲಿ?) ಅಂತ ಕೇಳಿದಳು. ಅಪ್ಪನ ಮುಖದಲ್ಲಿ ಆವತ್ತಿನ ಮೊದಲ ನಗು ಆಗ ಕಂಡಿತು.

ಸೆಕ್ಯೂರಿಟಿ ಚೆಕ್ ಮುಗಿದು ಕೂತಾಗ 9:25. ಒಳಗೆ ಕರೆದದ್ದು 10:05ಕ್ಕೆ. ವಿಮಾನ ತನ್ನ ಜಾಗದಿಂದ ಹಿಂದೆ ಸರಿದದ್ದು 10:50ಕ್ಕೆ, ಅಂದರೆ ಹತ್ತು ನಿಮಿಷ ತಡ. ನೆಲ ಬಿಟ್ಟದ್ದು 11:02ಕ್ಕೆ.

ಅಪ್ಪನಿಗೆ ಎಡಬದಿಯ ಕಿಟಕಿ ಸೀಟು ಹಾಕಿಸಿದ್ದೆ. ಮಂಗಳೂರಿಂದ ಉತ್ತರಕ್ಕೆ ಹೋಗುವಾಗ ಸಮುದ್ರ ಎಡಕ್ಕೆ. ಉಡುಪಿ ಜಿಲ್ಲೆಯ ಮೇಲೆ ಹೋಗುವ ನೇರ ಗೆರೆ ಹೆಚ್ಚು ಕಡಿಮೆ ಕಡಲ ಬದಿಯಲ್ಲೇ ಸಾಗುತ್ತದೆ. ಆ ದಿನ ಮೋಡ ಇರಲಿಲ್ಲ. ಮೊದಲು ಮುಲ್ಕಿ ಕಂಡಿತು, ಶಾಂಭವಿ ಮತ್ತು ನಂದಿನಿ ಎರಡೂ ಒಟ್ಟಾಗಿ ಸಮುದ್ರ ಸೇರುವ ಜಾಗ. ಸ್ವಲ್ಪ ಹೊತ್ತಿಗೆ ಅಪ್ಪ ಕಿಟಕಿಗೆ ಹಣೆ ಒತ್ತಿ, "ಕೋಡಿ ಬೆಂಗ್ರೆ!" ಅಂದರು. ನಾನೂ ಬಗ್ಗಿ ನೋಡಿದೆ. ಒಂದು ಬದಿ ಹೊಳೆ, ಒಂದು ಬದಿ ಕಡಲು, ನಡುವೆ ಒಂದು ಎಳೆ ಮಣ್ಣು. ಆ ಎಳೆಯ ಮೇಲೆ ತೆಂಗಿನ ಮರ, ಹಂಚಿನ ಮನೆಗಳು, ಒಂದು ಸಣ್ಣ ರಸ್ತೆ. ಎಳೆಯ ತುದಿಯಲ್ಲಿ ಸೀತಾ, ಸ್ವರ್ಣಾ ನದಿಗಳ ನೀರು ಕಡಲಿಗೆ ಸೇರುವಲ್ಲಿ ಬಣ್ಣ ಬೇರೆಯಾಗಿ ಕಾಣುತ್ತಿತ್ತು. ಅಪ್ಪನ ಅಮ್ಮನ ಮನೆ ಆ ಕಡೆಯೇ. ಸಣ್ಣದಿರುವಾಗ ದೋಣಿಯಲ್ಲಿ ದಾಟುತ್ತಿದ್ದ ಹೊಳೆಯನ್ನು ಅವರು ಮೇಲಿಂದ ನೋಡಿದ್ದು ಇದೇ ಮೊದಲು. ಅದು ಮರೆಯಾಗುವ ತನಕ ಅವರು ತಲೆ ತಿರುಗಿಸಲಿಲ್ಲ.

ಕುಂದಾಪುರ ದಾಟಿದಾಗ ಅಪ್ಪ ವಾಚು ನೋಡಿದರು. ನೆಲ ಬಿಟ್ಟು ಹದಿನಾರು ನಿಮಿಷ. "ಮನೆಯಿಂದ ಬಜ್ಪೆಗೆ ದಕ್ಷಿಣಕ್ಕೆ ಒಂದು ಗಂಟೆ ಇಪ್ಪತ್ತು ನಿಮಿಷ ಹೋದೆವು. ಈಗ ಹದಿನಾರು ನಿಮಿಷದಲ್ಲಿ ಮನೆಯನ್ನೂ ದಾಟಿ ಕುಂದಾಪುರಕ್ಕೆ ಬಂದೆವು" ಅಂದರು.

ಇಲ್ಲಿ ಅವರ ಹಿಂದಿನ ರಾತ್ರಿಯ ಪ್ರಶ್ನೆಗೆ ಉತ್ತರ ಹೇಳಲಿಕ್ಕೆ ನನಗೆ ಸುಲಭವಾಯಿತು. ವಿಮಾನ ಎದ್ದ ಕೂಡಲೇ ಎಂಟುನೂರರ ವೇಗಕ್ಕೆ ಹೋಗುವುದಿಲ್ಲ. ಮೇಲೇರಲಿಕ್ಕೇ ಇಪ್ಪತ್ತು ನಿಮಿಷ ಹತ್ತಿರ ಬೇಕು. ಇಳಿಯುವುದಂತೂ ಇನ್ನೂ ನಿಧಾನ, ಊರು ಬರುವ ಅರ್ಧ ಗಂಟೆ ಮೊದಲೇ ಶುರು ಮಾಡುತ್ತಾರೆ. ನಡುವೆ ಪೂರ್ತಿ ವೇಗದಲ್ಲಿ ಹೋಗುವುದು ಸ್ವಲ್ಪ ಹೊತ್ತು ಮಾತ್ರ. ದುಬೈಗೋ ದೆಹಲಿಗೋ ಹೋಗುವಾಗ ಆ ನಡುವಿನ ಭಾಗ ಉದ್ದ, ಹಾಗಾಗಿ ಸರಾಸರಿ ವೇಗ ಜಾಸ್ತಿ ಬರುತ್ತದೆ. ಏಳುನೂರು ಕಿ.ಮೀ. ದಾರಿಯಲ್ಲಿ ಹತ್ತುವುದು ಇಳಿಯುವುದರಲ್ಲೇ ಮುಕ್ಕಾಲು ಪಾಲು ಮುಗಿಯುತ್ತದೆ. ಮತ್ತೆ ಟಿಕೆಟಿನಲ್ಲಿ ಹಾಕುವ ಹೊತ್ತು ಆಕಾಶದ ಹೊತ್ತಲ್ಲ. ವಿಮಾನ ಇಲ್ಲಿ ತನ್ನ ಜಾಗ ಬಿಟ್ಟು ಹಿಂದೆ ಸರಿದಲ್ಲಿಂದ ಅಲ್ಲಿ ಹೋಗಿ ನಿಲ್ಲುವ ತನಕದ್ದು. ನೆಲದ ಮೇಲೆ ಉರುಳುವುದೂ, ರನ್‌ವೇಗೆ ಸರದಿ ಕಾಯುವುದೂ ಅದರಲ್ಲೇ ಬಂತು. 710 ಕಿ.ಮೀ.ಯನ್ನು ಒಂದೂವರೆ ಗಂಟೆಗೆ ಭಾಗಿಸಿದರೆ ಗಂಟೆಗೆ 473 ಕಿ.ಮೀ. ಚಿಲ್ಲರೆ ಬರುತ್ತದೆ, ಅದೇ ಈ ದಾರಿಯ ನಿಜವಾದ ವೇಗ.

ಮುಂಬೈ ಹತ್ತಿರ ಬಂದ ಮೇಲೆ ವಿಮಾನ ಒಂದು ಸುತ್ತು ಜಾಸ್ತಿ ಹಾಕಿತು. ಅಲ್ಲಿ ಎರಡು ರನ್‌ವೇ ಇವೆ, ಆದರೆ ಒಂದನ್ನೊಂದು ಅಡ್ಡ ದಾಟುತ್ತವೆ. ಹಾಗಾಗಿ ಎರಡನ್ನೂ ಒಟ್ಟಿಗೆ ಬಳಸಲಿಕ್ಕಾಗುವುದಿಲ್ಲ. ಅಷ್ಟು ದೊಡ್ಡ ನಿಲ್ದಾಣದ ಎಲ್ಲ ವಿಮಾನಗಳೂ ಒಂದೇ ರನ್‌ವೇಯಲ್ಲಿ ಏರಿ ಇಳಿಯಬೇಕು ಅಂದರೆ ಕಾಯುವುದು ಸಹಜವೇ. ಚಕ್ರ ನೆಲಕ್ಕೆ ತಾಗಿದ್ದು 12:14ಕ್ಕೆ, ಬಂದು ನಿಂತದ್ದು 12:26ಕ್ಕೆ.

ಆಮೇಲೆ ಆದದ್ದು ನನ್ನ ತಪ್ಪು. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಬೇಕು ಅಂತ ಹಾಕಬಹುದಿತ್ತು, ಅಪ್ಪ ನಡೀತಾರಲ್ಲ ಅಂತ ಬಿಟ್ಟಿದ್ದೆ. ಮುಂಬೈ ಟರ್ಮಿನಲ್ ಒಳಗೆ ನಡಿಗೆ ಬಹಳ ಉದ್ದ. ಅರ್ಧ ದಾರಿಯಲ್ಲಿ ಅಪ್ಪ ಗೋಡೆ ಹಿಡಿದು ನಿಂತುಬಿಟ್ಟರು. ಮನೆಯಲ್ಲಿ ವಯಸ್ಸಾದವರನ್ನು ಕರ್ಕೊಂಡು ಹೋಗುವವರು ದಯವಿಟ್ಟು ಇದನ್ನು ಮರೆಯಬೇಡಿ, ಮನೆಯಲ್ಲಿ ಚೆನ್ನಾಗಿ ನಡೆಯುವವರಿಗೂ ಅದು ಬೇಕಾಗುತ್ತದೆ. ಕೂತು ಕೂತು ಹೋಗಿ ಲಗೇಜು ತಗೊಂಡಾಗ ಒಂದು ಗಂಟೆ. ಟ್ಯಾಕ್ಸಿ ಹತ್ತಿದ್ದು 1:15ಕ್ಕೆ. ಐರೋಲಿ ಸೇತುವೆ, ಮಹಾಪೆ, ಶಿಳ್ ಫಾಟಾ, ಎಲ್ಲಾ ಕಡೆ ವಾಹನಗಳ ಸಾಲು. ಮೂವತ್ತೈದು ಕಿ.ಮೀ. ಆಸುಪಾಸಿನ ದಾರಿಗೆ ಒಂದು ಗಂಟೆ ಐವತ್ತು ನಿಮಿಷ. ಅಕ್ಕನ ಮನೆ ಬಾಗಿಲು ತಟ್ಟಿದಾಗ 3:05.

ಅಪ್ಪ ಚಪ್ಪಲಿ ಬಿಚ್ಚುವ ಮೊದಲೇ ಲೆಕ್ಕ ಹೇಳಿದರು. ಬಾಗಿಲಿಂದ ಬಾಗಿಲಿಗೆ ಏಳು ಗಂಟೆ ಐವತ್ತು ನಿಮಿಷ, ಅದರಲ್ಲಿ ಆಕಾಶದಲ್ಲಿ ಇದ್ದದ್ದು ಎಪ್ಪತ್ತೆರಡು ನಿಮಿಷ.

ಎರಡನೆಯ ದಿನ

ಮನೆ ಒಕ್ಕಲು. ಬೆಳಗ್ಗೆ ನಾಲ್ಕಕ್ಕೇ ಎದ್ದೆವು, ಹಾಲು ಉಕ್ಕಿಸಿದರು, ಗಣಹೋಮ ಆಯಿತು. ಮಧ್ಯಾಹ್ನ ಊಟಕ್ಕೆ ಗುಳ್ಳದ ಹುಳಿ. ಬಂದವರಲ್ಲಿ ಅರ್ಧಕ್ಕರ್ಧ ನಮ್ಮ ಕಡೆಯವರು, ಕಾಪು, ಬಾರ್ಕೂರು, ಬೆಳ್ಮಣ್ಣು. ಎಲ್ಲರೂ ಕೇಳುವ ಪ್ರಶ್ನೆ ಒಂದೇ, "ಯಾವುದರಲ್ಲಿ ಬಂದ್ರಿ? ಎಷ್ಟು ಹೊತ್ತಾಯ್ತು?" ಅಪ್ಪ ಕರೆಂಟ್ ಬಿಲ್ಲು ತೋರಿಸಿ ತೋರಿಸಿ ಹೇಳಿದರು. ಭಾವನ ದೊಡ್ಡಪ್ಪ ಒಬ್ಬರು, ಅಪ್ಪನ ಪ್ರಾಯದವರೇ, ಹಳೆಯ ಬಸ್ಸಿನ ಮಾತೆತ್ತಿದರು. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ಸುತ್ತಿ ಬರುವ ಬಸ್ಸು, ಉಡುಪಿಯಲ್ಲಿ ಬೆಳಗ್ಗೆ ಹತ್ತಿದರೆ ಮರುದಿನ ಮಧ್ಯಾಹ್ನ ಇಳಿಯುವುದು. ಇಬ್ಬರೂ ಎಲ್ಲೆಲ್ಲಿ ಬಸ್ಸು ನಿಲ್ಲಿಸುತ್ತಿದ್ದರು, ಎಲ್ಲಿ ಚಾ ಚೆನ್ನಾಗಿತ್ತು ಅಂತ ಒಂದೊಂದೇ ನೆನಪು ಮಾಡುತ್ತಾ ಸಂಜೆ ತನಕ ಕೂತಿದ್ದರು.

ಮೂರನೆಯ ದಿನ

ಫೋರ್ಟ್ ನೋಡಬೇಕು ಅಂದರು ಅಪ್ಪ. ಆದಿತ್ಯವಾರ, ಲೋಕಲ್‌ನಲ್ಲಿ ಜನ ಕಡಿಮೆ, ಹಾಗಾಗಿ ಧೈರ್ಯ ಮಾಡಿದೆ. ಡೊಂಬಿವಲಿಯಿಂದ ಫೋರ್ಟಿನ ಪಕ್ಕದ ಸಿಎಸ್‌ಎಂಟಿ ನಿಲ್ದಾಣಕ್ಕೆ 48 ಕಿ.ಮೀ. ಫಾಸ್ಟ್ ಲೋಕಲ್ ಹಿಡಿದೂ ಒಂದು ಗಂಟೆ ಹತ್ತು ನಿಮಿಷ ಆಯಿತು. ಅಪ್ಪ ವಾಚು ನೋಡಿ, "ಮೊನ್ನೆ ವಿಮಾನ ಆಕಾಶದಲ್ಲಿ ಇದ್ದದ್ದೂ ಇಷ್ಟೇ ಹೊತ್ತು" ಅಂದರು. ಅಲ್ಲಿ ಏಳುನೂರು ಕಿ.ಮೀ., ಇಲ್ಲಿ ನಲವತ್ತೆಂಟು. ಮುಂಬೈಯಲ್ಲಿ ಲಕ್ಷಗಟ್ಟಲೆ ಮಂದಿ ದಿನಾ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಇಷ್ಟು ಹೊತ್ತು ನಿಂತುಕೊಂಡೇ ಹೋಗುತ್ತಾರೆ. ಅಕ್ಕ ಹದಿನಾಲ್ಕು ವರ್ಷದಿಂದ ಹಾಗೆಯೇ ಹೋಗುತ್ತಿದ್ದಾಳೆ. ಅದನ್ನು ಯೋಚಿಸಿ ನನಗೆ ಸಂಕಟವಾಯಿತು.

ಕ್ಯಾಂಟೀನ್ ಇದ್ದ ಕಟ್ಟಡ ಇದೆ, ಕ್ಯಾಂಟೀನ್ ಇಲ್ಲ. ಅಲ್ಲಿ ಈಗ ಫೋಟೋಕಾಪಿ ಅಂಗಡಿ. ಅಪ್ಪ ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋದವರು. ನಮ್ಮ ಕಡೆಯ ಹೋಟೆಲ್ ಹುಡುಗರಿಗಾಗಿ ಫೋರ್ಟಿನಲ್ಲಿ ಕನ್ನಡದ ರಾತ್ರಿ ಶಾಲೆಗಳಿದ್ದವು, ಅಪ್ಪ ಹತ್ತನೆಯ ತನಕ ಓದಿದ್ದು ಹಾಗೆ. ಶಾಲೆಗೆ ಹೋಗುತ್ತಿದ್ದ ಗಲ್ಲಿ ತೋರಿಸಿದರು. ಬರುವಾಗ ಮಾಟುಂಗಾದಲ್ಲಿ ಇಳಿದು ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆ ಎಲೆ ಊಟ ಮಾಡಿದೆವು. 1942ರಿಂದ ನಡೆಯುತ್ತಿರುವ ಜಾಗ, ಸಾರು ಬಡಿಸುವ ಕೈ ಈಗಲೂ ನಿಲ್ಲುವುದಿಲ್ಲ.

ನಾಲ್ಕನೆಯ ದಿನ, ಐದರ ಬೆಳಗ್ಗೆ

ವಾಪಸ್ ಮತ್ಸ್ಯಗಂಧಾ ರೈಲಿನಲ್ಲಿ. ಅಕ್ಕನ ಮನೆ ಬಿಟ್ಟದ್ದು ಎರಡು ಗಂಟೆಗೆ. ಲೋಕಲ್‌ನಲ್ಲಿ ಠಾಣೆಗೆ ಬಂದು, ಕೂಲಿಯವನ ಸಹಾಯದಿಂದ ಅಪ್ಪನನ್ನು ಹತ್ತಿಸಿ, ಕೆಳಗಿನ ಬರ್ತ್‌ನಲ್ಲಿ ಕೂರಿಸಿ ನಾನು ಉಸಿರು ಬಿಟ್ಟಾಗ ಮೂರೂ ಮುಕ್ಕಾಲು. ಪನ್ವೇಲ್ ದಾಟಿದ ಮೇಲೆ ಬಿಸಿಲು ಇಳಿಯಿತು. ರೋಹಾದಿಂದ ತೋಕೂರಿನ ತನಕ ಕೊಂಕಣ ರೈಲಿನ ದಾರಿ, ಏಳುನೂರು ಕಿ.ಮೀ. ಮೇಲೆ. ಅದರ ಚಂದವೆಲ್ಲ ಈ ಗಾಡಿಯಲ್ಲಿ ಕತ್ತಲಲ್ಲೇ ಕಳೆದುಹೋಗುತ್ತದೆ. ರತ್ನಾಗಿರಿ ಹತ್ತಿರ ಕರಬುಡೆ ಸುರಂಗ, ಆರೂವರೆ ಕಿ.ಮೀ. ಉದ್ದದ್ದು, ಅದರೊಳಗೆ ಹೋಗುವಾಗ ಅಪ್ಪನಿಗೆ ನಿದ್ದೆ. ಮಳೆಗಾಲದಲ್ಲಾದರೆ ಗುಡ್ಡ ಕುಸಿಯುವ ಭಯಕ್ಕೆ ಗಾಡಿಗಳನ್ನು ಇನ್ನೂ ನಿಧಾನ ಬಿಡುತ್ತಾರೆ, ಅದಕ್ಕೆ ಬೇರೆ ಟೈಮ್‌ಟೇಬಲ್ಲೇ ಇದೆ.

ನನಗೆ ಎಚ್ಚರವಾದದ್ದು ಕುಂದಾಪುರದಲ್ಲಿ. ಅಪ್ಪ ಎದ್ದು ಕೂತು ಕಾಲಿಗೆ ಎಣ್ಣೆ ಉಜ್ಜುತ್ತಿದ್ದರು. ಹೊರಗೆ ಪೂರ್ತಿ ಕತ್ತಲು. ಗಾಡಿಯ ಸದ್ದು ಇದ್ದಕ್ಕಿದ್ದ ಹಾಗೆ ಬದಲಾಯಿತು, ಗಡಗಡ ಅನ್ನುವುದು ಹೋಗಿ ಟೊಳ್ಳು ಸದ್ದು, ಕೆಳಗೆ ನೀರು ಇದ್ದಾಗ ಬರುವಂಥದ್ದು. "ಸೀತಾ" ಅಂದರು ಅಪ್ಪ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಸದ್ದು. "ಇದು ಸ್ವರ್ಣಾ. ಬ್ಯಾಗ್ ಇಳಿಸು." ನಾಲ್ಕು ದಿನದ ಹಿಂದೆ ಮೇಲಿಂದ ನೋಡಿದ ಎರಡೂ ಹೊಳೆ ಈಗ ಏನೂ ಕಾಣದೆ ಸದ್ದಿನಲ್ಲೇ ಗೊತ್ತಾದವು. ಮೂವತ್ತು ವರ್ಷ ಹತ್ತಿರವಾಯಿತು ಈ ರೈಲು ಶುರುವಾಗಿ, ಊರಿಗೆ ಬರುವ ಯಾರಿಗೂ ಅಲಾರಾಂ ಬೇಡ.

ಇಂದ್ರಾಳಿಯ ಉಡುಪಿ ಸ್ಟೇಷನ್ನಿನಲ್ಲಿ ಇಳಿದಾಗ 5:35. ರಿಕ್ಷಾ ಹಿಡಿದು ಮನೆ ಮುಟ್ಟಿದ್ದು 6:00ಕ್ಕೆ. ಹದಿನಾರು ಗಂಟೆ.

ಬಿಲ್ಲಿನ ಹಿಂದೆ ಎರಡೂ ಲೆಕ್ಕ ಒಟ್ಟಿಗೆ ನೋಡಿದೆ. ಆಕಾಶದ ಹೊತ್ತನ್ನೂ ರೈಲಿನ ಹೊತ್ತನ್ನೂ ಹೋಲಿಸಿದರೆ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಮನೆಯಿಂದ ಮನೆಗೆ ಹಿಡಿದರೆ ಬರೇ ಎರಡು ಪಟ್ಟು. ಮಂಗಳೂರಿನಲ್ಲೇ ಇರುವವರಿಗೆ, ಮುಂಬೈಯಲ್ಲಿ ಅಂಧೇರಿ ಬದಿಗೆ ಹೋಗುವವರಿಗೆ ವಿಮಾನದ ಲಾಭ ನಮಗಿಂತ ಬಹಳ ಹೆಚ್ಚು. ಉಡುಪಿ, ಕುಂದಾಪುರದಿಂದ ಹೊರಟು ಠಾಣೆ, ಡೊಂಬಿವಲಿ ಕಡೆ ಹೋಗುವವರು ಟಿಕೆಟಿನ ಒಂದೂವರೆ ಗಂಟೆ ನೋಡಿ ಅದೇ ದಿನ ಮಧ್ಯಾಹ್ನದ ಕೆಲಸ ಇಟ್ಟುಕೊಳ್ಳಬೇಡಿ, ಎಂಟು ಗಂಟೆ ಹಿಡಿಯಿರಿ. ಆದರೂ ಅಪ್ಪನಂಥವರಿಗೆ ಹೋಗುವಾಗ ವಿಮಾನವೇ ಸರಿ ಅನ್ನಿಸಿತು, ಮರುದಿನ ನಾಲ್ಕು ಗಂಟೆಗೆ ಏಳಬೇಕಿತ್ತಲ್ಲ, ರಾತ್ರಿ ಪೂರ್ತಿ ಮಲಗಲಿಕ್ಕೆ ಸಿಕ್ಕಿತು.

ಅಷ್ಟರಲ್ಲಿ ಅಕ್ಕನ ಫೋನು. "ಮುಟ್ಟಿದ್ರಾ?"

ಅಪ್ಪ ವಾಚಿಗೆ ಕೀ ಕೊಡುತ್ತಿದ್ದರು. ಫೋನು ಕಿವಿಗೆ ಇಟ್ಟುಕೊಂಡು, "ಮುಟ್ಟಿದೆವು ಮಗಾ. ಮೇಯಲ್ಲಿ ರಜೆಗೆ ಬರುವಾಗ ನೀವು ವಿಮಾನದಲ್ಲೇ ಬನ್ನಿ. ಮಾಣಿಗೆ ಬಲಬದಿಯ ಕಿಟಕಿ ಹಾಕಿಸು, ಎಡಬದಿ ಅಲ್ಲ, ಬರುವಾಗ ಕಡಲು ಬಲಕ್ಕೆ. ಇಳಿಯಲಿಕ್ಕೆ ಸ್ವಲ್ಪ ಇರುವಾಗ ಕೋಡಿ ಬೆಂಗ್ರೆ ಕಾಣ್ತದೆ, ಅಜ್ಜ ದೋಣಿ ದಾಟಿದ ಹೊಳೆ ಅಂತ ಅವನಿಗೆ ಹೇಳು" ಅಂದರು.